‘ಮೆನ್ಷನ್ ನಾಟ್’: ಒಂದು ಸ್ಪಷ್ಟನೆ
ಯಾರಾದರೂ ‘ಥ್ಯಾಂಕ್ಯೂ’ ಎಂದಾಗ ‘ಮೆನ್ಷನ್ ನಾಟ್’ ಎನ್ನುವುದೇ ಶುದ್ಧ ಇಂಗ್ಲಿಷ್ ಶಿಷ್ಟಾಚಾರ ಎಂಬ ಸಂದೇಶವೊಂದು ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿದ್ದು, ಅದು ಸರಿಯಲ್ಲ. ಕ್ರಿಯಾಪದದ ನಂತರ ‘ನಾಟ್’ ಇಟ್ಟು ಬೇಡವೆನ್ನುವ ಕ್ರಮ ಇಂಗ್ಲಿಷಿನಲ್ಲಿ ಹಿಂದೆ ಇತ್ತೆಂಬುದು ನಿಜ. 1611ರ ಕಿಂಗ್ ಜೇಮ್ಸ್ ಬೈಬಲಿನ ‘ಫಿಯರ್ ನಾಟ್’ ಅದಕ್ಕೆ ಸಾಕ್ಷಿ. ಆದರೆ ಇಂದಿನ ಮಾತಿನಲ್ಲಿ ‘ಡೋಂಟ್’ ಮೊದಲು ಬರುವುದರಿಂದ ಮತ್ತು ‘ಮೆನ್ಷನ್’ ಎಂಬ ಕ್ರಿಯಾಪದವು ಕರ್ಮಪದವನ್ನು ಬೇಡುವುದರಿಂದ, ರೂಢಿಯಲ್ಲಿರುವ ರೂಪ ‘ಡೋಂಟ್ ಮೆನ್ಷನ್ ಇಟ್’. ಅದೂ ತುಸು ಬಿಗುವಿನದೇ. ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟವರು ‘ಯು ಆರ್ ವೆಲ್‌ಕಮ್’ ಎಂದರೆ ಸಾಕು. ಇಲ್ಲಿನ ‘ವೆಲ್‌ಕಮ್’ನಲ್ಲಿರುವುದು ಬಾಗಿಲಲ್ಲಿ ನಿಂತು ಹೇಳುವ ಸ್ವಾಗತವಲ್ಲ, ನಮ್ಮ ‘ಅಯ್ಯೋ, ಅದಕ್ಕೇನಂತೆ ಬಿಡಿ’ ಎಂಬುದರ ಭಾವ. ‘ಮೆನ್ಷನ್ ನಾಟ್’ ಎಂದರೂ ನಮ್ಮೂರುಗಳಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಶುದ್ಧವೆಂಬ ಹಣೆಪಟ್ಟಿಯಷ್ಟೇ ತಪ್ಪು.