ರಾಜೀನಾಮೆ ಕೊಟ್ಟೂ ಉಳಿಯುವ ವಿದ್ಯೆ

ರಾಜೀನಾಮೆ ಪತ್ರ ಜೇಬಿನಲ್ಲೇ ಇದೆ ಅಂತ ಹೇಳಿಕೊಂಡು ಓಡಾಡುವ ರಾಜಕಾರಣಿಗಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಆದರೆ ಅದನ್ನು ಕೊಟ್ಟ ಮೇಲೂ ಉಳಿಯುವುದು ಹೇಗೆ? ಅದನ್ನು ಕಲಿಯಬೇಕಾದರೆ ಪಕ್ಕದ ಶ್ರೀಲಂಕಾದ 2022ನೇ ಇಸವಿಯನ್ನು ನೋಡಬೇಕು.

ಆ ವರ್ಷ ಶುರುವಾದಾಗ ಅಲ್ಲಿ ಅಣ್ಣ ಮಹಿಂದ ರಾಜಪಕ್ಸ ಪ್ರಧಾನಿ, ತಮ್ಮ ಗೊಟಬಯ ಅಧ್ಯಕ್ಷ. ಕಿರಿಯ ತಮ್ಮ ಬೆಸಿಲ್ ಹಣಕಾಸು ಮಂತ್ರಿ. ಎಲ್ಲರಿಗಿಂತ ದೊಡ್ಡಣ್ಣನಿಗೆ ನೀರಾವರಿ, ಮಹಿಂದರ ಮಗನಿಗೆ ಕ್ರೀಡೆ. ಸಂಪುಟ ಸಭೆಗೂ ಮನೆಯ ಹಬ್ಬದೂಟಕ್ಕೂ ಬೇರೆ ಬೇರೆ ಕರೆ ಕಳಿಸುವ ಖರ್ಚಿಲ್ಲ.

ಇಷ್ಟು ಉಳಿತಾಯದ ಸರ್ಕಾರದ ಬೊಕ್ಕಸ ಬರಿದಾದದ್ದು ಹೇಗೋ! 2019ರ ಕೊನೆಗೆ ವ್ಯಾಟ್ ಅನ್ನು ಶೇ 15ರಿಂದ 8ಕ್ಕೆ ಇಳಿಸಿದ್ದರು. ಆಮೇಲೆ ಕೋವಿಡ್ ಬಂತು, ಪ್ರವಾಸಿಗರು ಬರುವುದು ನಿಂತಿತು. 2021ರಲ್ಲಿ ರಾಸಾಯನಿಕ ಗೊಬ್ಬರ ತರಿಸುವುದನ್ನೇ ನಿಷೇಧಿಸಿದರು. ಇಡೀ ದೇಶ ಒಂದೇ ಹಂಗಾಮಿನಲ್ಲಿ ಸಾವಯವ ಆಗಬೇಕಿತ್ತು. ಭತ್ತ ಗೆಜೆಟ್ ಓದುವುದಿಲ್ಲ ನೋಡಿ, ಇಳುವರಿ ಬಿದ್ದೇ ಬಿತ್ತು. ನವೆಂಬರ್‌ನಲ್ಲಿ ಸರ್ಕಾರವೇ ನಿಷೇಧ ಸಡಿಲಿಸಿತು.

2022ರ ಮಾರ್ಚ್ ಹೊತ್ತಿಗೆ ಡಾಲರ್ ಖಾಲಿ. ಪೆಟ್ರೋಲಿಗೆ ಕ್ಯೂ, ಗ್ಯಾಸಿಗೆ ಕ್ಯೂ, ಹಾಲಿನ ಪುಡಿಗೂ ಕ್ಯೂ. ಬಿಸಿಲಲ್ಲಿ ಕ್ಯೂ ನಿಂತೇ ಪ್ರಾಣ ಬಿಟ್ಟ ವಯಸ್ಸಾದವರಿದ್ದರು. ಕಾಗದ, ಶಾಯಿ ಇಲ್ಲ ಅಂತ ಪಶ್ಚಿಮ ಪ್ರಾಂತ್ಯದಲ್ಲಿ ಶಾಲಾ ಪರೀಕ್ಷೆಗಳನ್ನೇ ಮುಂದಕ್ಕೆ ಹಾಕಿದರು. ಪ್ರಶ್ನೆಪತ್ರಿಕೆ ಸೋರಿಕೆಗೆ ಇದಕ್ಕಿಂತ ಒಳ್ಳೆಯ ಮದ್ದು ನಮ್ಮ ಇಲಾಖೆಗಳಿಗೂ ಹೊಳೆದಿಲ್ಲ. ಅಚ್ಚು ಹಾಕಿದರೆ ತಾನೇ ಸೋರುವುದು?

ಏಪ್ರಿಲ್ 3ರ ರಾತ್ರಿ ಪ್ರಧಾನಿ ಒಬ್ಬರನ್ನು ಬಿಟ್ಟು ಸಂಪುಟದ 26 ಮಂದಿಯೂ ರಾಜೀನಾಮೆ ಕೊಟ್ಟರು. ಮರುದಿನ ಅಲಿ ಸಬ್ರಿ ಹೊಸ ಹಣಕಾಸು ಮಂತ್ರಿ. ಅದರ ಮರುದಿನ ಅವರದೂ ರಾಜೀನಾಮೆ. ಅದಾಗಿ ಮೂರೇ ದಿನಕ್ಕೆ ಸಂಸತ್ತಿನಲ್ಲಿ ಮತ್ತೆ ಅವರೇ ಹಣಕಾಸು ಮಂತ್ರಿ. ಯಾಕೆಂದರೆ ಆ ಕುರ್ಚಿ ಬೇಕು ಅಂತ ಬೇರೆ ಯಾರೂ ಮುಂದೆ ಬರಲಿಲ್ಲವಂತೆ. ಇಡೀ ದೇಶದಲ್ಲಿ ಕ್ಯೂ ಇಲ್ಲದ ಜಾಗ ಅದೊಂದೇ.

ಮೇ 9ರಂದು ಮಹಿಂದರ ಬೆಂಬಲಿಗರು ಕೊಲಂಬೊದ ಕಡಲ ದಂಡೆಯ ಗಾಲ್ ಫೇಸ್ ಮೈದಾನದಲ್ಲಿ ಶಾಂತವಾಗಿ ಕೂತಿದ್ದ ಪ್ರತಿಭಟನಕಾರರ ಮೇಲೆ ಬಿದ್ದರು. ಊರೆಲ್ಲ ಹೊತ್ತಿಕೊಂಡಿತು. ಅವತ್ತೇ ಮಹಿಂದ ರಾಜೀನಾಮೆ ಕೊಟ್ಟರು, ಮರುದಿನ ಟ್ರಿಂಕೋಮಲಿಯ ನೌಕಾನೆಲೆ ಸೇರಿದರು. ನಮ್ಮಲ್ಲಾಗಿದ್ದರೆ ರೆಸಾರ್ಟ್.

ಆ ಕುರ್ಚಿಗೆ ಬಂದವರು ರನಿಲ್ ವಿಕ್ರಮಸಿಂಘೆ. ಪ್ರಧಾನಿ ಆಗಿದ್ದು ಅದು ಆರನೇ ಸಲ. 2020ರ ಚುನಾವಣೆಯಲ್ಲಿ ಅವರ ಪಕ್ಷದಿಂದ ಒಬ್ಬರೂ ಗೆದ್ದಿರಲಿಲ್ಲ, ಅವರೂ ಸೋತಿದ್ದರು. ಒಟ್ಟು ಮತದ ಲೆಕ್ಕದಲ್ಲಿ ಪಕ್ಷಕ್ಕೆ ಒಂದು ಸೀಟು ಸಿಕ್ಕಿತ್ತು, ಅದರಲ್ಲಿ ಅವರೇ ಕೂತಿದ್ದರು. ಶಾಸಕಾಂಗ ಪಕ್ಷದ ಸಭೆ ಕರೆಯಬೇಕಾದರೆ ಕನ್ನಡಿ ಮುಂದೆ ನಿಂತರೆ ಸಾಕು. ಭಿನ್ನಮತದ ತಲೆನೋವೂ ಇಲ್ಲ.

ಜೂನ್‌ನಲ್ಲಿ ಹೊಸ ಸಂಪುಟಕ್ಕೊಂದು ಐಡಿಯಾ ಹೊಳೆಯಿತು. ಸರ್ಕಾರಿ ನೌಕರರಿಗೆ ಶುಕ್ರವಾರ ರಜೆ. ಮನೆಯಲ್ಲೇ ತರಕಾರಿ ಬೆಳೆದುಕೊಳ್ಳಲಿ! ಹಿಂದಿನ ವರ್ಷ ರೈತನ ಕೈಯಿಂದ ಗೊಬ್ಬರ ಕಿತ್ತುಕೊಂಡಿದ್ದರು. ಈ ವರ್ಷ ಗುಮಾಸ್ತನ ಕೈಗೆ ಗುದ್ದಲಿ ಕೊಟ್ಟರು.

ಜುಲೈ 9ರಂದು ಜನ ಅಧ್ಯಕ್ಷರ ಮನೆಗೇ ನುಗ್ಗಿದರು. ಈಜುಕೊಳದಲ್ಲಿ ಈಜಿದರು, ಜಿಮ್‌ನಲ್ಲಿ ಬೆವರಿಳಿಸಿದರು, ಮಂಚದ ಮೇಲೆ ಮಲಗಿ ಫೋಟೊ ತೆಗೆಸಿಕೊಂಡರು. ಒಳಗೆ ಸುಮಾರು 1.78 ಕೋಟಿ ರೂಪಾಯಿ ನಗದು ಸಿಕ್ಕಿತು. ಅದನ್ನು ಎಣಿಸಿ ಪೊಲೀಸರಿಗೆ ಒಪ್ಪಿಸಿದರು. ಆ ಮನೆಯಲ್ಲಿ ಸಾರ್ವಜನಿಕರ ಕಣ್ಣೆದುರೇ ದುಡ್ಡಿನ ಲೆಕ್ಕ ನಡೆದದ್ದು ಬಹುಶಃ ಅವತ್ತೊಂದೇ ದಿನ.

13ಕ್ಕೆ ರಾಜೀನಾಮೆ ಕೊಡುತ್ತೇನೆ ಎಂದಿದ್ದ ಗೊಟಬಯ 13ರ ನಸುಕಿನಲ್ಲಿ ವಾಯುಪಡೆ ವಿಮಾನ ಹತ್ತಿ ಮಾಲ್ಡೀವ್ಸ್‌ಗೆ ಹಾರಿದರು. ರಾಜೀನಾಮೆ ಕೊಡಲಿಲ್ಲ, ರನಿಲ್ ಅವರನ್ನು ಹಂಗಾಮಿ ಅಧ್ಯಕ್ಷ ಮಾಡಿದರು. ಮರುದಿನ ಸಿಂಗಪುರ ಮುಟ್ಟಿದ ಮೇಲೆ ಇಮೇಲ್‌ನಲ್ಲಿ ರಾಜೀನಾಮೆ ಬಂತು. ಅದು ಅಸಲಿಯೋ ನಕಲಿಯೋ ಅಂತ ನೋಡುವ ಕೆಲಸ ಪಾಪ ಸ್ಪೀಕರ್ ಪಾಲಿಗೆ.

ಈಗ ರನಿಲ್ ಅವರ ಕೈಚಳಕ ನೋಡಿ. ಜುಲೈ 9ರಂದು ಜನ ಅವರ ಖಾಸಗಿ ಮನೆಗೆ ಬೆಂಕಿ ಇಟ್ಟಿದ್ದರು. ಅವತ್ತು ಅವರೂ ಪ್ರಧಾನಿ ಹುದ್ದೆ ಬಿಡಲು ಸಿದ್ಧ ಎಂದಿದ್ದರು. 13ಕ್ಕೆ ಹಂಗಾಮಿ ಅಧ್ಯಕ್ಷ. 20ಕ್ಕೆ ಸಂಸತ್ತಿನಲ್ಲಿ 134 ಮತ ಪಡೆದು ಪೂರ್ತಿ ಅಧ್ಯಕ್ಷ. ಆ ಮತಗಳಲ್ಲಿ ಹೆಚ್ಚಿನವು ರಾಜಪಕ್ಸರ ಪಕ್ಷದವು. ರಾಜೀನಾಮೆ ಕೊಡ್ತೀನಿ ಅಂದು ಹನ್ನೊಂದು ದಿನದಲ್ಲಿ ಬಡ್ತಿ! ಜನ 'ರನಿಲ್ ಗೋ ಹೋಮ್' ಅಂದರೆ, ಹೋಗಲು ಮನೆಯೇ ಇಲ್ಲವಲ್ಲ ಅಂದರು. ಮಾತೇನೋ ಸರಿ ಬಿಡಿ.

ಸೆಪ್ಟೆಂಬರ್ 2ಕ್ಕೆ ಗೊಟಬಯ ವಾಪಸ್ ಬಂದರು. ಏರ್‌ಪೋರ್ಟ್‌ನಲ್ಲಿ ಮಂತ್ರಿಗಳು ಹೂಹಾರ ಹಿಡಿದು ಕಾದಿದ್ದರು. ಕೊಲಂಬೊದಲ್ಲಿ ಸರ್ಕಾರಿ ಬಂಗಲೆ, ಸುತ್ತ ಕಾವಲು.

ಜುಲೈ 20ರ ಆ ಚುನಾವಣೆಯಲ್ಲಿ ಮೂರನೆಯವರೊಬ್ಬರಿದ್ದರು, ಅನುರ ಕುಮಾರ ದಿಸ್ಸನಾಯಕೆ. 225 ಮಂದಿಯ ಸಂಸತ್ತಿನಲ್ಲಿ ಅವರಿಗೆ ಬಿದ್ದದ್ದು 3 ಮತ. 2024ರ ಸೆಪ್ಟೆಂಬರ್‌ನಲ್ಲಿ ಮತ ಹಾಕುವ ಸರದಿ ಜನರದು. ದಿಸ್ಸನಾಯಕೆ ಅಧ್ಯಕ್ಷರಾದರು, ರನಿಲ್ ಮೂರನೇ ಸ್ಥಾನಕ್ಕೆ ಹೋದರು. ಈ ಸಲ ರಾಜೀನಾಮೆ ಕೊಡುವ ಅವಕಾಶವನ್ನೇ ಜನ ಕೊಡಲಿಲ್ಲ.