ವೇದಿಕೆಯ ಮೇಲೆ ಆಸೀನರಾಗಿರುವ...

‘ಹೊಸ ವಿದ್ಯಾರ್ಥಿಗಳ ಪರಿಚಯ ಕಾರ್ಯಕ್ರಮಕ್ಕೆ ಪೋಷಕರ ಸಮೇತ ಹಾಜರಾತಿ ಕಡ್ಡಾಯ’ ಎಂದು ಮಗಳ ಎಂಜಿನಿಯರಿಂಗ್ ಕಾಲೇಜಿನಿಂದ ವಾಟ್ಸ್ಆ್ಯಪ್ ಸಂದೇಶ ಬಂದಿತ್ತು. ಸೋಮವಾರ, ಬೆಳಿಗ್ಗೆ ಒಂಬತ್ತಕ್ಕೆ. ಕಚೇರಿಗೆ ರಜೆ ಹಾಕಿ, ತಿಂಡಿಗೂ ನಿಲ್ಲದೆ ಓಡಿದೆ. ಗಣ್ಯರು ಬಂದದ್ದು ಹನ್ನೊಂದಕ್ಕೆ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಕಡ್ಡಾಯ ಬೇಡವೆನ್ನುವವಳು ನಾನಲ್ಲ. 2017ರಲ್ಲಿ, ತಾಂತ್ರಿಕ ಶಿಕ್ಷಣದ ಮೇಲುಸ್ತುವಾರಿ ನೋಡುವ ಎಐಸಿಟಿಇ, ಎಂಜಿನಿಯರಿಂಗ್ ಸೇರುವ ಮಕ್ಕಳಿಗೆಂದು ಮೂರು ವಾರಗಳ ಕಾರ್ಯಕ್ರಮ ರೂಪಿಸಿತು. 2019ರಲ್ಲಿ ವಿಶ್ವವಿದ್ಯಾಲಯಗಳ ಮೇಲುಸ್ತುವಾರಿಯ ಯುಜಿಸಿ ‘ದೀಕ್ಷಾರಂಭ’ ಎಂಬ ಮಾರ್ಗಸೂಚಿ ತಂದಿತು. ಓದಿದರೆ ಆಸೆಯಾಗುತ್ತದೆ. ಬೆಳಿಗ್ಗೆ ವ್ಯಾಯಾಮ, ಆಮೇಲೆ ಸಂಗೀತವೋ ಚಿತ್ರಕಲೆಯೋ, ಸಣ್ಣ ಗುಂಪುಗಳಲ್ಲಿ ಬದುಕಿನ ಮೌಲ್ಯಗಳ ಬಗ್ಗೆ ಮಾತುಕತೆ, ಸುತ್ತಮುತ್ತಲಿನ ಊರು ನೋಡುವುದು. ಇಷ್ಟರ ನಡುವೆ ಎಲ್ಲೋ ಒಂದು ಕಡೆ ‘ಗಣ್ಯರಿಂದ ಉಪನ್ಯಾಸ’ ಎಂದೂ ಇದೆ. ನಮ್ಮ ಕಾಲೇಜಿನವರ ಕಣ್ಣಿಗೆ ಬಿದ್ದದ್ದು ಅದೊಂದೇ.

ವೇದಿಕೆಯ ಮೇಲೆ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ, ಪ್ರಾಂಶುಪಾಲರು, ಜೊತೆಗೆ ಸಮಸ್ತ ವಿಭಾಗ ಮುಖ್ಯಸ್ಥರು. ಮೈಕಿನ ಮುಂದೆ ನಿಂತ ಪ್ರತಿಯೊಬ್ಬರೂ ಉಳಿದವರನ್ನೆಲ್ಲ ಹೆಸರು, ಪದವಿ, ಬಿರುದುಗಳ ಸಮೇತ ಸಂಬೋಧಿಸಿದರು. ಪ್ರಾಂಶುಪಾಲರು ಮಾತ್ರ ಅವಸರದಲ್ಲಿ ಖಜಾಂಚಿಯವರನ್ನು ಬಿಟ್ಟರು. ಖಜಾಂಚಿ ಏನೂ ಅನ್ನಲಿಲ್ಲ. ಹೊದಿಸಿದ್ದ ಶಾಲನ್ನು ತೆಗೆದು, ನಿಧಾನವಾಗಿ ಮಡಿಸಿ, ಹಣ್ಣಿನ ಬುಟ್ಟಿಯ ಮೇಲಿಟ್ಟರು. ತಕ್ಷಣ ಮೈಕಿನ ಬಳಿ ಒಂದು ಚೀಟಿ ಬಂತು. ಪ್ರಾಂಶುಪಾಲರು ಬೆವರೊರೆಸಿಕೊಂಡು ಪಟ್ಟಿಯನ್ನು ಮೊದಲಿನಿಂದ ಶುರುಮಾಡಿದರು. ಖಜಾಂಚಿಯವರನ್ನು ವಿಭಾಗ ಮುಖ್ಯಸ್ಥರ ಬಾಲಕ್ಕೆ ಕಟ್ಟಲಾದೀತೇ? ಅವರ ನಂತರ ಬಂದವರು ಹೆದರಿ ಖಜಾಂಚಿಯವರನ್ನೇ ಮೊದಲು ಹೇಳಿಬಿಟ್ಟರು. ಈಗ ಅಧ್ಯಕ್ಷರ ಮುಖ ಗಂಟಿಕ್ಕಿತು. ಮತ್ತೊಂದು ಚೀಟಿ, ಮತ್ತೊಂದು ಪಟ್ಟಿ. ಕೊನೆಗೆ ಅಧ್ಯಕ್ಷರು ಎದ್ದು, “ಎಲ್ಲರ ಹೆಸರೂ ಬಂದಿದೆ, ನಾನು ಪುನಃ ಹೇಳುವುದಿಲ್ಲ” ಎಂದಾಗ ಸಭೆ ಮನಸಾರೆ ಚಪ್ಪಾಳೆ ತಟ್ಟಿತು. ಅದರಿಂದ ಹುರುಪು ಬಂದು ಅವರು ಕಾಲೇಜಿನ ಜಾಗ ಕೊಂಡದ್ದು, ಕೊಳವೆ ಬಾವಿ ಕೊರೆಸಿದ್ದು, ನೀರು ಸಿಗದೆ ಇನ್ನೊಂದು ಕೊರೆಸಿದ್ದು ಎಲ್ಲವನ್ನೂ ಹೇಳಿದರು. ಎರಡನೆಯದರಲ್ಲಿ ನೀರು ಬೀಳುವ ಹೊತ್ತಿಗೆ ಒಂದು ಗಂಟೆ ದಾಟಿತ್ತು.

ಇದೆಲ್ಲ ನಡೆದದ್ದು ಇಂಗ್ಲಿಷಿನಲ್ಲಿ. ನನ್ನ ಪಕ್ಕದಲ್ಲಿ ಸಿಂಧನೂರು ಕಡೆಯ ಒಬ್ಬ ರೈತರು ಮಗನೊಂದಿಗೆ ಕುಳಿತಿದ್ದರು. ರಾತ್ರಿಯಿಡೀ ಬಸ್ಸಿನಲ್ಲಿ ಬಂದವರು. “ಅಕ್ಕ, ಹಾಸ್ಟೆಲಿನ ಊಟದ ದುಡ್ಡು ತಿಂಗಳಿಗೊಮ್ಮೆ ಕಟ್ಟುವುದೋ, ವರ್ಷಕ್ಕೊಮ್ಮೆಯೋ? ಹೇಳಿದರೇನು?” ಎಂದು ಕೇಳಿದರು. ಇನ್ನೂ ಹೇಳಿಲ್ಲ ಎಂದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಆ ಹುಡುಗ ಹೊಸ ನೋಟ್ ಪುಸ್ತಕದಲ್ಲಿ ತಲೆಯೆತ್ತದೆ ಬರೆದುಕೊಳ್ಳುತ್ತಿದ್ದ. ಇಣುಕಿ ನೋಡಿದೆ. ವೇದಿಕೆಯ ಮೇಲಿದ್ದವರ ಹೆಸರುಗಳು, ಕ್ರಮಸಂಖ್ಯೆಯ ಸಮೇತ. ಪರೀಕ್ಷೆಗೆ ಬರಬಹುದು ಎಂದುಕೊಂಡಿದ್ದನೋ ಏನೋ. ನಗು ಬರಲಿಲ್ಲ.

ಹೊರಗೆ ಗೇಟಿನೆದುರು ಒಂದು ಜೆರಾಕ್ಸ್ ಅಂಗಡಿಯಿದೆ. ಅಲ್ಲಿನ ಹುಡುಗ ಮಗಳ ದಾಖಲೆಗಳನ್ನು ಯಂತ್ರಕ್ಕೆ ಕೊಡುತ್ತಲೇ ಹೇಳಿದ: ರ‍್ಯಾಗಿಂಗ್ ವಿರೋಧಿ ಪ್ರಮಾಣಪತ್ರವನ್ನು ಮಗಳೂ ಕೊಡಬೇಕು, ನೀವೂ ಕೊಡಬೇಕು, ಹಾಜರಾತಿ ಶೇ 85ಕ್ಕಿಂತ ಇಳಿಯದಂತೆ ನೋಡಿಕೊಳ್ಳಿ, ಗಣಿತಕ್ಕೆ ಹೆದರುವವರು ಮೊದಲ ವಾರದಿಂದಲೇ ಕೂರಬೇಕು, ಮಧ್ಯಾಹ್ನದ ಭಾಷಣಕ್ಕೆ ಹೋಗದಿದ್ದರೂ ನಡೆಯುತ್ತದೆ, ಸಹಿ ಬೆಳಿಗ್ಗೆಯೇ ತೆಗೆದುಕೊಂಡಿದ್ದಾರೆ. ವಿಶ್ವವಿದ್ಯಾಲಯಗಳು ಏನನ್ನಾದರೂ ಕಡ್ಡಾಯ ಮಾಡುವುದಿದ್ದರೆ ಈ ಹುಡುಗನನ್ನು ಮಾಡಲಿ.

ಅಷ್ಟರಲ್ಲಿ ಸಿಂಧನೂರಿನವರೂ ಅಲ್ಲಿಗೆ ಬಂದು ಅದೇ ಪ್ರಶ್ನೆ ಕೇಳಿದರು.

“ವರ್ಷಕ್ಕೆ ಎರಡು ಕಂತು, ಯಜಮಾನರೇ” ಎಂದ ಹುಡುಗ. “ಆದರೆ ಭಾನುವಾರ ರಾತ್ರಿ ಅಡುಗೆ ಮಾಡುವುದಿಲ್ಲ. ಮಗನ ಕೈಯಲ್ಲಿ ಒಂದಿಷ್ಟು ರೊಟ್ಟಿ, ಶೇಂಗಾ ಚಟ್ನಿ ಕೊಟ್ಟು ಹೋಗಿ.”