ಬೆಳಗಿನ ಎಂಟಕ್ಕೆ ಕರಗುವ ಕಾಶ್ಮೀರ

ಮಾಗಿಯ ಚಳಿ ಕಾಲಿಟ್ಟ ಕೂಡಲೇ ನಮ್ಮ ಪತ್ರಿಕೆಗಳಲ್ಲಿ ಆ ಚಿತ್ರ ಬಂದೇ ಬರುತ್ತದೆ. ಊಟಿಯ ಹುಲ್ಲುಹಾಸಿನ ಮೇಲೆ ಪುಡಿ ಉಪ್ಪು ಚೆಲ್ಲಿದಂತಹ ಬಿಳಿ ಪದರ, ನಿಂತ ಬೈಕಿನ ಸೀಟಿನ ಮೇಲೆ ಯಾರೋ ಬೆರಳಿನಲ್ಲಿ ಬರೆದ ಹೆಸರು, ಕೆಳಗೆ ‘ಮಿನಿ ಕಾಶ್ಮೀರವಾದ ಊಟಿ’ ಎಂಬ ಒಕ್ಕಣೆ. ಅಂದು ಸಂಜೆಯೊಳಗೆ ಮೈಸೂರಿನ ಅರ್ಧ ಜನ ಸ್ವೆಟರ್ ಹುಡುಕಲು ಅಟ್ಟ ಹತ್ತಿರುತ್ತಾರೆ. ಊಟಿಯ ಫರ್ನ್‌ಹಿಲ್‌ನಲ್ಲಿ ಅರಮನೆ ಇಟ್ಟುಕೊಂಡಿದ್ದ ನಮ್ಮ ಒಡೆಯರು ಅಲ್ಲಿಗೆ ಹೋಗುತ್ತಿದ್ದದ್ದು ಬೇಸಿಗೆಯಲ್ಲಿ. ಚಳಿಗಾಲದಲ್ಲಿ ಚಳಿಯನ್ನು ಹುಡುಕಿಕೊಂಡು ಸುಮಾರು 125 ಕಿಲೋಮೀಟರ್ ಹೋಗುವ ಬುದ್ಧಿ ಪ್ರಜೆಗಳಾದ ನಮಗೇ ಮೀಸಲು.

ಅದು ಆಕಾಶದಿಂದ ಬೀಳುವ ಹಿಮವಲ್ಲ ಎಂಬುದನ್ನು ಈ ಉತ್ಸಾಹಿಗಳಿಗೆ ಹೇಳುವ ಧೈರ್ಯ ಯಾರಿಗೂ ಇಲ್ಲ. ಮೋಡವಿಲ್ಲದ, ಗಾಳಿಯಾಡದ ರಾತ್ರಿಯಲ್ಲಿ ನೆಲವು ತನ್ನ ಶಾಖವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ. ತಣ್ಣಗಾಗಿ ಭಾರವಾದ ಗಾಳಿ ಇಳಿಜಾರಿನಲ್ಲಿ ಜಾರಿ ತಲೈಕುಂದ, ಕಾಂತಲ್‌ನಂತಹ ತಗ್ಗುಗಳಲ್ಲಿ ಮಡುಗಟ್ಟುತ್ತದೆ. ಅಲ್ಲಿನ ಇಬ್ಬನಿ ಹುಲ್ಲಿನ ಮೇಲೆಯೇ ಹೆಪ್ಪುಗಟ್ಟುತ್ತದೆ. ಬಿಸಿಲು ಬಿದ್ದು ಸ್ವಲ್ಪ ಹೊತ್ತಿಗೆ ಅದು ನೀರು. ಇನ್ನು ನಮ್ಮ ಲೆಕ್ಕ ನೋಡಿ. ಬಂಡೀಪುರದ ರಸ್ತೆ ರಾತ್ರಿ 9ಕ್ಕೆ ಮುಚ್ಚಿದರೆ ತೆರೆಯುವುದು ಬೆಳಿಗ್ಗೆ 6ಕ್ಕೆ. 2009ರಿಂದ ಬಂದಿರುವ ಈ ನಿಯಮವನ್ನು ತಿಳಿದೂ ನಾವು ನಡುರಾತ್ರಿ ಎದ್ದು, ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು, ಗೇಟಿನ ಮುಂದೆ ಸಾಲುಗಟ್ಟುತ್ತೇವೆ. ಮಸಿನಗುಡಿಯ ಮೇಲೆ ಹೋಗಿ ಕಲ್ಹಟ್ಟಿ ಘಾಟಿಯ 36 ಕಡಿದಾದ ತಿರುವುಗಳನ್ನು, ಹಿಂದಿನ ಸೀಟಿನವರ ವಾಂತಿಗೆಂದು ನಡುನಡುವೆ ನಿಲ್ಲಿಸುತ್ತ ಏರಿ ಮುಗಿಸುವಷ್ಟರಲ್ಲಿ ಎಂಟೂವರೆ. ಕಾಶ್ಮೀರ ಎಂಟಕ್ಕೇ ಬಾಗಿಲು ಹಾಕಿರುತ್ತದೆ.

ಹಾಗೆಂದು ಚಟುವಟಿಕೆಗಳಿಗೇನೂ ಕೊರತೆಯಿಲ್ಲ. ವಾಹನ ನಿಲ್ಲಿಸುವ ಜಾಗ ಹುಡುಕುವುದೇ ಅಲ್ಲಿನ ಪ್ರಮುಖ ಹೊರಾಂಗಣ ಕ್ರೀಡೆಯಾಗಿದ್ದು, ಇಡೀ ಕುಟುಂಬ ಕಿಟಕಿಯಿಂದ ತಲೆ ಹೊರಹಾಕಿ ಅದರಲ್ಲಿ ಪಾಲ್ಗೊಳ್ಳಬಹುದು. ಎರಡನೆಯದು ಮಂಕಿ ಟೋಪಿಗೆ ಚೌಕಾಸಿ ಮಾಡುವುದು. ಮೂರನೆಯದು, 1824ರಲ್ಲಿ ಬ್ರಿಟಿಷ್ ಕಲೆಕ್ಟರ್ ಸಲ್ಲಿವನ್ ಸಾಹೇಬರು ಕಟ್ಟಿಸಿದ ಕೆರೆಯಲ್ಲಿ ದೋಣಿಯ ಟಿಕೆಟ್ಟಿಗೆ ನಿಂತು, ದೋಣಿ ಸಿಗುವ ಮೊದಲೇ ಮೆಣಸಿನಕಾಯಿ ಬಜ್ಜಿ ಮುಗಿಸುವುದು. 2,637 ಮೀಟರ್ ಎತ್ತರದ ದೊಡ್ಡಬೆಟ್ಟ, ಹೆಸರೇ ಹೇಳುವಂತೆ ನಮ್ಮ ಮಾತಿನ ಬೆಟ್ಟವೇ. ಅಲ್ಲಿ ಮಂಜು ಮುಸುಕಿ ಏನೂ ಕಾಣದಿದ್ದರೆ ‘ವಾವ್’ ಎನ್ನಬೇಕು, ಕಂಡರೆ ‘ಮಂಜೇ ಇಲ್ಲವಲ್ಲ’ ಎಂದು ಕೊರಗಬೇಕು. 2024ರ ಮೇ ತಿಂಗಳಿನಿಂದ ನೀಲಗಿರಿಗೆ ಇ-ಪಾಸ್ ಕಡ್ಡಾಯವಾದ ಮೇಲಂತೂ ಮನೆಯಿಂದ ಹೊರಡುವ ಮೊದಲೇ ಫೋನಿನಲ್ಲಿ ಬೆರಳಿನ ವ್ಯಾಯಾಮವೂ ಆಗುತ್ತದೆ.

ದಾರಿಯ ಆನೆಗಳ ವಿಷಯಕ್ಕೆ ಬಂದರೆ ನನಗೆ ತಮಾಷೆ ಹೊಳೆಯುವುದಿಲ್ಲ. 2025ರ ಆಗಸ್ಟ್‌ನಲ್ಲಿ ಬಂಡೀಪುರದ ಇದೇ ರಸ್ತೆಯಲ್ಲಿ ಆನೆಯೊಡನೆ ಸೆಲ್ಫಿಗೆ ಹೋದವನೊಬ್ಬ ಅದರ ಕಾಲಡಿ ಬಿದ್ದು, ಅದೃಷ್ಟದಿಂದ ಬದುಕಿ, 25,000 ರೂಪಾಯಿ ದಂಡ ಕಟ್ಟಿದ್ದನ್ನು ನಾವೆಲ್ಲ ಮೊಬೈಲಿನಲ್ಲಿ ಹತ್ತು ಸಲ ನೋಡಿದೆವು. ನೋಡಿದವರೇ ಇಂದಿಗೂ ಕಾಡಿನ ನಡುವೆ ಕಾರು ನಿಲ್ಲಿಸಿ, ಮಗುವನ್ನು ಬಾನೆಟ್ಟಿನ ಮೇಲೆ ಕೂರಿಸಿ, ಚಿಪ್ಸ್ ತಿಂದು ಕವರನ್ನು ಅಲ್ಲೇ ಎಸೆಯುತ್ತಾರೆ. ಪ್ರಾಣಿಗಳಿಗೆ ದಿನದಲ್ಲಿ ಒಂಬತ್ತು ಗಂಟೆ ನೆಮ್ಮದಿ ಕೊಟ್ಟದ್ದನ್ನೇ ದೊಡ್ಡ ಅನ್ಯಾಯವೆಂದು ಗೇಟಿನ ಬಳಿ ಜಗಳವಾಡುತ್ತಾರೆ. ಎಷ್ಟು ಸಲ ಬರೆಯುವುದು? ಸಾಕಾಗಿದೆ.

ಹುಲ್ಲಿನ ಮೇಲಿನ ಆ ಬಿಳುಪು ಚಹಾ ತೋಟಕ್ಕೂ ಇಳಿಯುತ್ತದೆ. ಚಿಗುರು ಸುಟ್ಟಂತೆ ಕರಿದಾಗುತ್ತದೆ. ತುಂಡು ತೋಟ ಇಟ್ಟುಕೊಂಡ ನೀಲಗಿರಿಯ ಬಡಗ ಸಮುದಾಯದ ರೈತ ಗಿಡಗಳ ಮೇಲೆ ಸೊಪ್ಪುಸದೆ ಹೊದಿಸಿ ಕಾಯುವಾಗ, ನಾವು ಅವನ ಬೇಲಿಯ ಪಕ್ಕದಲ್ಲಿ ನಿಂತು ‘ಇನ್ನೂ ಸ್ವಲ್ಪ ಬಿದ್ದಿದ್ದರೆ ಚೆನ್ನಾಗಿತ್ತು’ ಎನ್ನುತ್ತೇವೆ.

ಕಳೆದ ಡಿಸೆಂಬರಿನಲ್ಲಿ ನಮ್ಮ ಪಕ್ಕದ ಮನೆಯ ಯಜಮಾನರು ಸಕುಟುಂಬರಾಗಿ ಹೋಗಿದ್ದರು. ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ಬೆಳಗಿನ ಚಳಿಗೆ ಹೆದರಿ ವರ್ಷಗಟ್ಟಲೆ ಹತ್ತದವರು ಅವರು. ಒಂದೇ ದಿನದಲ್ಲಿ ಹಿಂದಿರುಗಬೇಕಾಗಿದ್ದವರು ಮರುದಿನ ಮಧ್ಯಾಹ್ನ, ಎರಡು ಕಿಲೋ ಕ್ಯಾರೆಟ್ಟಿನೊಂದಿಗೆ ಬಂದಿಳಿದರು.

“ಹಿಮ ಸಿಕ್ಕಿತೇ, ಸಾರ್?” ಎಂದೆ.

“ಹುಲ್ಲು ಒದ್ದೆಯಾಗಿತ್ತು. ಬಿದ್ದಿದ್ದಂತೂ ಖಂಡಿತ” ಎಂದರು. ಹಿಂದಿರುಗುವಾಗ ಘಾಟಿಯಲ್ಲಿ ವಾಹನಗಳು ಇರುವೆಯಂತೆ ಸಾಗಿ, ಇವರು ಗೇಟಿಗೆ ಬರುವಷ್ಟರಲ್ಲಿ ಒಂಬತ್ತು ಕಳೆದು, ಗೂಡಲೂರಿನ ಕಡೆಯೇ ಕಾರಿನಲ್ಲಿ ಐದು ಜನ ಮುದುರಿಕೊಂಡು ರಾತ್ರಿ ಕಳೆದರಂತೆ.

“ಅಯ್ಯೋ, ಅಂಥ ಚಳಿಯಲ್ಲಿ?”

“ಚಳಿಯೆಲ್ಲಿ ಬಂತು ಸಾರ್, ಹೀಟರ್ ಹಾಕಿಕೊಂಡಿದ್ದೆವಲ್ಲ!”